ಇತ್ತ ನಾವೆಲ್ಲರೂ ಕ್ಷೇಮ



ಇನ್‌ಲ್ಯಾಂಡ್ ಲೆಟರಿನ ಕಾಲವನ್ನು ಕಂಡವರಿಗೆ ಈ ತಲೆಬರಹವನ್ನು ವಿವರಿಸಬೇಕಾಗಿಲ್ಲ. ಬಲಮೂಲೆಯಲ್ಲಿ ಊರು, ತಾರೀಖು. ಆಮೇಲೆ ಯಾರೇ ಬರೆಯಲಿ, ಯಾರಿಗೇ ಬರೆಯಲಿ, ಮೊದಲ ಸಾಲು ಮಾತ್ರ ಒಂದೇ. ಇತ್ತ ನಾವೆಲ್ಲರೂ ಕ್ಷೇಮ. 1972ರಲ್ಲಿ ನಾನು ಹಾಸ್ಟೆಲಿನಲ್ಲಿದ್ದಾಗ ನಮ್ಮ ತಂದೆಯವರು ಬರೆದ ಒಂದು ಕಾಗದ ಈಗಲೂ ನನ್ನ ಬಳಿ ಇದೆ. ಮೊದಲ ಸಾಲಿನಲ್ಲಿ ಎಲ್ಲರೂ ಕ್ಷೇಮ. ಆಮೇಲೆ ಕೊಬ್ಬರಿಯ ಧಾರಣೆ, ಎಮ್ಮೆ ಕರು ಹಾಕಿದ ಸುದ್ದಿ, ನನ್ನ ಫೀಸಿನ ಲೆಕ್ಕ. ಎಲ್ಲ ಮುಗಿದ ಮೇಲೆ, ಅಂಟು ಹಚ್ಚುವ ಮಡಿಕೆಯ ಹತ್ತಿರ ಸಣ್ಣ ಅಕ್ಷರಗಳಲ್ಲಿ: ನಿಮ್ಮವ್ವ ಹಾಸಿಗೆ ಹಿಡಿದು ಇಪ್ಪತ್ತು ದಿನವಾಯಿತು, ಈಗ ಗಂಜಿ ಕುಡಿಯುತ್ತಾಳೆ, ಚಿಂತೆ ಬೇಡ. ತಂದೆಯವರು ಸುಳ್ಳು ಹೇಳುವ ಮನುಷ್ಯರಲ್ಲ. ಮೊದಲ ಸಾಲನ್ನು ಬರೆಯುವಾಗ ಅವ್ವನ ಜ್ವರ ಅವರಿಗೆ ನೆನಪಿಗೆ ಬಂದಿರಲಿಲ್ಲ, ಅಷ್ಟೇ.

ಅದೇ ಸಾಲನ್ನು ನಾನು ಒಮ್ಮೆ ಭಾರತ ಸರ್ಕಾರಕ್ಕೆ ಹೇಳಿದೆ. ಅದರ ಕಥೆಯನ್ನು ಇಂದು ಬರೆಯುತ್ತಿದ್ದೇನೆ. ನಿಮ್ಮಲ್ಲಿ ಕೆಲವರಿಗೆ ಅತ್ತಿಗೆಯೂ, ಕೆಲವರಿಗೆ ಚಿಕ್ಕಮ್ಮನೂ ಆಗಿರುವ ನನ್ನ ಹೆಂಡತಿಯ ಅನುಮತಿ ಪಡೆದೇ ಬರೆಯುತ್ತಿದ್ದೇನೆ. ಒಂದೆರಡು ಕಡೆ ಆಕೆ ತಿದ್ದಿಸಿದ್ದಾಳೆ ಕೂಡ!

2018ರ ಜೂನ್ 14. ನಾನು ಸೇವೆಯಿಂದ ನಿವೃತ್ತನಾಗಿ ಸರಿಯಾಗಿ ಹದಿನಾಲ್ಕು ದಿನ. ಬೆಳಿಗ್ಗೆ ಹತ್ತರ ಸುಮಾರಿಗೆ ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಯುವಕ ಗೇಟು ತೆರೆದು ಬಂದ. ನನ್ನನ್ನು ಕಂಡೊಡನೆ ಚಪ್ಪಲಿ ಬಿಟ್ಟು ಕಾಲಿಗೆರಗಿದ. ಎಂಟು ಮತ್ತು ಒಂಬತ್ತನೆಯ ತರಗತಿಯಲ್ಲಿ ನನ್ನಿಂದ ಗಣಿತ ಹೇಳಿಸಿಕೊಂಡ ಹುಡುಗ! (ಹೆಸರು ಹೇಳುವುದಿಲ್ಲ, ಆತನೂ ಇದನ್ನು ಓದುತ್ತಾನೆ.) ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೆಯ ಸುತ್ತು ಆಗ ನಡೆಯುತ್ತಿತ್ತು. 2017ರ ಜುಲೈಯಿಂದ 2018ರ ಜೂನ್‌ವರೆಗೆ ಆರೋಗ್ಯ ಮತ್ತು ಶಿಕ್ಷಣಕ್ಕೆ ಕುಟುಂಬಗಳು ಮಾಡುವ ವೆಚ್ಚದ ಬಗ್ಗೆ ದೇಶಾದ್ಯಂತ ಮಾಹಿತಿ ಸಂಗ್ರಹಿಸಿದ ಸುತ್ತು ಅದು. ಬೀದಿಯ ಮನೆಗಳ ಪಟ್ಟಿಯಿಂದ ಆರೋಗ್ಯದ ಪ್ರಶ್ನೆಗಳಿಗೆ ಆಯ್ಕೆಯಾದ ಮನೆಗಳಲ್ಲಿ ನಮ್ಮದೂ ಒಂದು.

ಜಗಲಿಯ ಮೇಲೆ ಕುರ್ಚಿ ಹಾಕಿ ಕೂರಿಸಿದೆ. ಕೂರಲು ಸಂಕೋಚಪಟ್ಟ. ಪ್ರಶ್ನೆಗಳು ಮುಖ್ಯವಾಗಿ ಎರಡು ಬಗೆಯವು. ಕಳೆದ 365 ದಿನಗಳಲ್ಲಿ ಮನೆಯ ಯಾರಾದರೂ ಆಸ್ಪತ್ರೆಗೆ ದಾಖಲಾಗಿದ್ದರೇ? ಕಳೆದ 15 ದಿನಗಳಲ್ಲಿ ಯಾರಿಗಾದರೂ ಕಾಯಿಲೆ ಇತ್ತೇ, ಚಿಕಿತ್ಸೆ ಪಡೆದರೇ? ಹೌದೆಂದರೆ ಯಾವ ಆಸ್ಪತ್ರೆ, ಎಷ್ಟು ದಿನ, ಖರ್ಚೆಷ್ಟು, ದುಡ್ಡು ಎಲ್ಲಿಂದ ಬಂತು ಎಂಬ ಉಪಪ್ರಶ್ನೆಗಳ ಸಾಲು.

ನನ್ನ ಹರ್ನಿಯಾ ಶಸ್ತ್ರಚಿಕಿತ್ಸೆಯನ್ನು ನಾನು ವಿಸ್ತಾರವಾಗಿ ವರ್ಣಿಸಿದೆ. ತುಮಕೂರಿನಲ್ಲಿ ಮೂರು ದಿನ ಇದ್ದದ್ದು, ಹೊಲಿಗೆ ಬಿಚ್ಚಿದ್ದು, ಔಷಧಿಯ ವೆಚ್ಚ ಬೇರೆ, ಕೊಠಡಿಯ ಬಾಡಿಗೆ ಬೇರೆ. ಗಣಿತದ ಮೇಷ್ಟ್ರಲ್ಲವೇ, ರೂಪಾಯಿ ಪೈಸೆ ಸಮೇತ ಹೇಳಿದೆ. ಮಂಡಿನೋವು ಹೇಳಿದೆ. ಎದೆಯುರಿಗೆ ತೆಗೆದುಕೊಳ್ಳುವ ಮಾತ್ರೆಯ ಹೆಸರು ಹೇಳಿದೆ. ಆತ ಬರೆದುಕೊಂಡು, ಸ್ವಲ್ಪ ತಡೆದು, "ಸಾರ್, ಅಮ್ಮಾವ್ರನ್ನೂ ಒಂದ್ಸಲ ಕೇಳಬಹುದಾ?" ಅಂದ.

"ಅವಳಿಗೇನಪ್ಪ, ಗುಂಡುಕಲ್ಲಿನ ಹಾಗಿದಾಳೆ. ಎಲ್ಲಾ ನಂಗೆ ಗೊತ್ತು, ನೀ ಬರ್ಕೊ."

ಹೆಂಡತಿ ಆಗ ನಡುಮನೆಯ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದಳು. ಹುಡುಗ ಒಮ್ಮೆ ಆಕೆಯತ್ತ ನೋಡಿದ. ಆಕೆ ಲೋಟಗಳನ್ನು ಇಟ್ಟು ಒಳಗೆ ಹೋದಳು. ಆತ 'ಇಲ್ಲ' ಎಂಬುದಕ್ಕೆ ಗುರುತು ಹಾಕಿದ. ಮೇಷ್ಟ್ರಿಗೆ ಎದುರು ಪ್ರಶ್ನೆ ಹಾಕಬಾರದೆಂದು ಆತನಿಗೆ ಕಲಿಸಿದವನು ನಾನೇ ಅಲ್ಲವೇ?

ಕೇಳುವವರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. 2001ರ ಮತ್ತು 2011ರ ಜನಗಣತಿಗಳಲ್ಲಿ ನಾನೂ ಗಣತಿದಾರನಾಗಿ ಮನೆಮನೆ ತಿರುಗಿದವನು. ವಯಸ್ಸು ಕೇಳಿದರೆ ನಲವತ್ತು, ಐವತ್ತು, ಅರವತ್ತು. ನಲವತ್ತೇಳು ಎಂದವರು ಅಪರೂಪ. ಮುದುಕಿಯೊಬ್ಬರು "ಬರಗಾಲದಾಗೆ ಹಲ್ಲು ಬಂದಿತ್ತಂತೆ, ನೀವೇ ಲೆಕ್ಕ ಹಾಕ್ಕಳಿ" ಎಂದಿದ್ದರು. 2001ರಲ್ಲಿ ಅಂಗವೈಕಲ್ಯದ ಪ್ರಶ್ನೆ ಇತ್ತು. "ಯಾರೂ ಇಲ್ಲ" ಎಂದ ಮನೆಯಿಂದ ಹೊರಡುವಾಗ ಒಳಕೋಣೆಯಲ್ಲಿ ಕೂತಿದ್ದ ಕುರುಡು ಹುಡುಗಿಯನ್ನು ಕಂಡು, ಹಿಂತಿರುಗಿ ಕೇಳಲಾರದೆ, ಕೇಳದಿರಲಾರದೆ ನಿಂತದ್ದು ನೆನಪಿದೆ. ಈಗ ಯೋಚಿಸಿದರೆ, ಅಷ್ಟೂ ಮನೆಗಳಲ್ಲಿ ನಾನು ಮಾತನಾಡಿದ್ದು ಜಗಲಿಯ ಮೇಲಿನ ಗಂಡಸರ ಜೊತೆಗೇ. ಇರಲಿ.

ಮುಂದಿನದು 2019ರ ನವೆಂಬರ್, ಕಾರ್ತಿಕ ಮಾಸ. ಸಂಜೆ ದೀಪ ಹಚ್ಚುತ್ತಿದ್ದ ಹೆಂಡತಿಯ ಕೈಯಿಂದ ಬೆಂಕಿಪೊಟ್ಟಣ ಜಾರಿತು. ಏನಾಯಿತೆಂದು ಕೇಳಿದರೆ ಬಾಯಿಂದ ಹೊರಟದ್ದು ಮಾತಾಗಿರಲಿಲ್ಲ. ಪಕ್ಕದ ಮನೆಯವರ ಕಾರಿನಲ್ಲಿ ತುಮಕೂರಿಗೆ ಕರೆದೊಯ್ದೆವು. ಪಕ್ಕದ ಮನೆಯಾಕೆಯೂ ಜೊತೆಗೆ ಬಂದರು. ಪಾರ್ಶ್ವವಾಯುವಿನ ಸಣ್ಣ ಹೊಡೆತ. ವೈದ್ಯರು ಅವಸರದಲ್ಲಿ ನನ್ನನ್ನು ಕೇಳಿದರು: "ಬಿಪಿ ಎಷ್ಟು ವರ್ಷದಿಂದ ಇದೆ?"

"ಅಂಥದ್ದೇನೂ ಇಲ್ಲ ಡಾಕ್ಟ್ರೇ" ಅಂದೆ. ಎರಡನೆಯ ಸಲ.

ಪಕ್ಕದ ಮನೆಯಾಕೆ ಸೆರಗಿನ ತುದಿ ಹಿಡಿದುಕೊಂಡು ಮುಂದೆ ಬಂದರು. "ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಅವರಿಗೆ ಬಿಪಿ ಇದೆ. ಎರಡು ವರ್ಷದ ಮೇಲಾಯ್ತು. ಮಾತ್ರೆ ಒಂದೊಂದು ತಿಂಗಳು ಬಿಟ್ಟುಬಿಡ್ತಾರೆ. ಹೋದ ವರ್ಷ ನೀವು ಪೇಪರ್ ತಿದ್ದೋಕೆ ಹೋದಾಗ ಒಂದು ರಾತ್ರಿ ಆಸ್ಪತ್ರೇಲಿದ್ರು. ನಾನೇ ಜೊತೇಲಿದ್ದೆ."

ಹಾಸಿಗೆಯ ಮೇಲಿದ್ದ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಮಾತಾಡಲಾರದವಳ ಆ ನೋಟದಲ್ಲಿ ದೂರು ಇರಲಿಲ್ಲ. ಗುಟ್ಟು ಬಯಲಾಯಿತಲ್ಲ ಎಂಬ ಮುಜುಗರವಿತ್ತು. ಅದೇ ನನಗೆ ಹೆಚ್ಚು ನೋವು ಕೊಟ್ಟದ್ದು.

ಒಂದು ವಾರದ ಮೇಲೆ ಬಟ್ಟೆ ತೆಗೆದುಕೊಂಡು ಹೋಗಲು ಮನೆಗೆ ಬಂದವನು ಬೀರುವಿನಲ್ಲಿ ಆಕೆಯ ಸೀರೆಗಳ ಅಡಿಯಲ್ಲಿ ಪ್ಲಾಸ್ಟಿಕ್ ಕವರೊಂದನ್ನು ಕಂಡೆ. ಚೀಟಿಗಳು. ಊಟದ ಮೇಜಿನ ಮೇಲೆ ತಾರೀಖಿನ ಪ್ರಕಾರ ಜೋಡಿಸಿದೆ. 2017ರ ಜೂನ್ ನಡುವಿನಿಂದ 2018ರ ಜೂನ್ ನಡುವಿನವರೆಗೆ, ಅಂದರೆ ಆ ಹುಡುಗ ಕೇಳಿದ 365 ದಿನಗಳೊಳಗೆ, ಏಳು ಸಲ ವೈದ್ಯರನ್ನು ಕಂಡಿದ್ದಳು. ಕೊನೆಯದು ಜೂನ್ 6ರದು. ಅದು 15 ದಿನಗಳ ಪ್ರಶ್ನೆಯೊಳಗೂ ಬರುತ್ತದೆ. ಏಪ್ರಿಲ್ 18ರದು ಒಂದು ರಾತ್ರಿಯ ದಾಖಲಾತಿ, ಎರಡು ಬಾಟಲಿ ಡ್ರಿಪ್, ಒಟ್ಟು 2,350 ರೂಪಾಯಿ. ಹಾಲು ಮಾರಿ ಕೂಡಿಟ್ಟ ದುಡ್ಡು. ಅಂದು ನಾನು ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಕೇಂದ್ರದಲ್ಲಿ ಯಾರದೋ ಮಕ್ಕಳ ಕೂಡುವ ಕಳೆಯುವ ತಪ್ಪುಗಳಿಗೆ ಕೆಂಪು ಗೆರೆ ಎಳೆಯುತ್ತಿದ್ದೆ.

ಅದೇ ಬೀರುವಿನ ಮೇಲಿನ ತಟ್ಟಿನಲ್ಲಿ ನನ್ನ ಆಸ್ಪತ್ರೆಯ ಕಡತ ಅಚ್ಚುಕಟ್ಟಾಗಿ ದಾರ ಕಟ್ಟಿಸಿಕೊಂಡು ಕೂತಿತ್ತು. ಕಟ್ಟಿದವಳು ಆಕೆಯೇ. ಅದನ್ನೂ ಬಿಚ್ಚಿದೆ. ಬಿಡುಗಡೆಯ ದಿನಾಂಕ 2017ರ ಮೇ 12! ಸಮೀಕ್ಷೆಯ ದಿನಕ್ಕೆ ಹದಿಮೂರು ತಿಂಗಳು ಹಿಂದಿನದು. ಅದು 365 ದಿನಗಳ ಗಡಿಯ ಆಚೆಗಿನದು, ಲೆಕ್ಕಕ್ಕೆ ಬರಬಾರದಿತ್ತು.

ಈಗ ಗಣಿತದ ದೃಷ್ಟಿಯಿಂದ ನೋಡಿ. ನಮೂನೆಯಲ್ಲಿ ನಮ್ಮ ಮನೆಯಿಂದ ಆಸ್ಪತ್ರೆಗೆ ದಾಖಲಾದವರ ಸಂಖ್ಯೆ: ಒಂದು. ನಿಜವಾದ ಸಂಖ್ಯೆ: ಒಂದು. ಉತ್ತರ ಸರಿ! ಆದರೆ ಹೆಂಗಸಿನ ಜಾಗದಲ್ಲಿ ಗಂಡಸು, ರಕ್ತದೊತ್ತಡದ ಜಾಗದಲ್ಲಿ ಹರ್ನಿಯಾ, ಹಾಲಿನ ದುಡ್ಡಿನ ಜಾಗದಲ್ಲಿ ನನ್ನ ಸಂಬಳದ ಉಳಿತಾಯ. ನಿಮಗೆಲ್ಲ ನೆನಪಿರಬಹುದು, ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿ ಉತ್ತರ ಸರಿ ಬಂದರೆ ನಾನು ಸೊನ್ನೆ ಅಂಕ ಕೊಡುತ್ತಿದ್ದೆ. ಅಳುತ್ತಾ ಬಂದವರನ್ನೂ ಬಿಟ್ಟವನಲ್ಲ.

ಸಂಖ್ಯಾಶಾಸ್ತ್ರ ಓದಿ ಈಗ ಬೆಂಗಳೂರಿನಲ್ಲಿ ಕಲಿಸುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೆಂಡತಿಯನ್ನು ನೋಡಲು ಬಂದಾಗ ಇದನ್ನೆಲ್ಲ ಹೇಳಿಕೊಂಡೆ. ಆಕೆ ನಗಲಿಲ್ಲ. "ಸಾರ್, ಇದು ನಿಮ್ಮೊಬ್ಬರ ಮನೆ ಕಥೆಯಲ್ಲ. ಇದರ ಮೇಲೇನೇ ದೊಡ್ಡ ದೊಡ್ಡ ಅಧ್ಯಯನ ಆಗಿವೆ" ಎಂದಳು. ಆಮೇಲೆ ಒಂದೊಂದಾಗಿ ಕಳಿಸಿದಳು. ಲಾಕ್‌ಡೌನಿನ ದಿನಗಳಲ್ಲಿ ನಿಘಂಟು ಇಟ್ಟುಕೊಂಡು ಓದಿದೆ.

ಹಳೆಯದನ್ನು ದಿನ ಕಳೆದಂತೆ ಮರೆಯುವುದು ಒಂದು ಬಗೆ. ಅಮೆರಿಕದಲ್ಲಿ 1960ರ ದಶಕದಲ್ಲಿಯೇ ಚಾರ್ಲ್ಸ್ ಕ್ಯಾನೆಲ್ ಎಂಬ ಸಂಶೋಧಕರು ಮತ್ತು ಸಂಗಡಿಗರು, ಆಸ್ಪತ್ರೆಯ ದಾಖಲೆಗಳಲ್ಲಿ ಹೆಸರಿದ್ದವರ ಮನೆಗೇ ಹೋಗಿ, ಅದನ್ನು ತಿಳಿಸದೆ, ಸಮೀಕ್ಷೆಯ ಪ್ರಶ್ನೆಗಳನ್ನು ಕೇಳಿಸಿದರು. ಸುಮಾರು ಹತ್ತರಲ್ಲಿ ಒಂದು ದಾಖಲಾತಿ ಉತ್ತರಗಳಲ್ಲಿ ಬರಲೇ ಇಲ್ಲ. ಬಿಡುಗಡೆಯಾಗಿ ಹೆಚ್ಚು ಕಾಲ ಕಳೆದಷ್ಟೂ, ಆಸ್ಪತ್ರೆಯಲ್ಲಿದ್ದ ದಿನಗಳು ಕಡಿಮೆಯಾದಷ್ಟೂ ಮರೆವು ಹೆಚ್ಚು. ಇನ್ನು, ನಡೆದದ್ದನ್ನು ಇದ್ದದ್ದಕ್ಕಿಂತ ಹತ್ತಿರಕ್ಕೆ ಎಳೆದುಕೊಳ್ಳುವುದು ಎರಡನೆಯ ಬಗೆ. ನನ್ನ ಹರ್ನಿಯಾ ಮಾಡಿದ್ದು ಅದನ್ನೇ. ದೂರದ ಬೆಟ್ಟ ನುಣ್ಣಗೆ ಎನ್ನುತ್ತೇವಲ್ಲ, ಬೆಟ್ಟ ದೊಡ್ಡದಾದರೆ ದೂರವೂ ಕಡಿಮೆ ಕಾಣುತ್ತದೆ. ದೂರದರ್ಶಕಕ್ಕೆ ಇಂಗ್ಲಿಷಿನಲ್ಲಿರುವ ಹೆಸರನ್ನೇ ಶಾಸ್ತ್ರಜ್ಞರು ಈ ದೋಷಕ್ಕೂ ಇಟ್ಟಿದ್ದಾರೆ: ಟೆಲಿಸ್ಕೋಪಿಂಗ್.

ಆದರೆ ನನ್ನನ್ನು ನಿದ್ದೆಗೆಡಿಸಿದ್ದು ಇವೆರಡೂ ಅಲ್ಲ. ದೆಹಲಿಯ ಅಧ್ಯಯನ. ಜಿಷ್ಣು ದಾಸ್, ಜೆಫ್ರಿ ಹ್ಯಾಮರ್, ಕ್ಯಾರೊಲಿನಾ ಸಾಂಚೆಜ್-ಪರಾಮೊ ಎಂಬ ಮೂವರು 2012ರಲ್ಲಿ ಪ್ರಕಟಿಸಿದ್ದು. 2000ದಿಂದ 2002ರವರೆಗೆ ದೆಹಲಿಯ 1,621 ಮಂದಿಯನ್ನು ಕೆಲವು ಕಾಲ ವಾರಕ್ಕೊಮ್ಮೆ, ಕೆಲವು ಕಾಲ ತಿಂಗಳಿಗೊಮ್ಮೆ ಕೇಳಿದರು: ಕಾಯಿಲೆ ಬಿದ್ದಿರಾ, ವೈದ್ಯರ ಬಳಿ ಹೋದಿರಾ? ವಾರವಾರ ಕೇಳಿದಾಗ ಬಡವರು ಸಿರಿವಂತರಿಗಿಂತ ಹೆಚ್ಚು ಸಲ ವೈದ್ಯರ ಬಳಿ ಹೋಗುತ್ತಾರೆಂದು ಉತ್ತರ ಬಂತು. ತಿಂಗಳ ಲೆಕ್ಕ ಕೇಳಿದಾಗ ಅದು ತಿರುವುಮುರುವಾಯಿತು. ಬಡವರು ಕಡಿಮೆ ಹೋಗುತ್ತಾರೆಂದು ಕಂಡಿತು! ನೆನಪಿಸಿಕೊಳ್ಳಬೇಕಾದ ಅವಧಿ ಬದಲಾದ ಮಾತ್ರಕ್ಕೆ ತಕ್ಕಡಿಯ ಮೇಲಿನ ತಟ್ಟೆ ಕೆಳಗಾಯಿತು. ಬಡವರ ಬದುಕಿನಲ್ಲಿ ಕಾಯಿಲೆ ಒಂದು ವಿಶೇಷ ಘಟನೆಯಾಗಿ ಉಳಿಯದೆ ನಿತ್ಯದ ಭಾಗವೇ ಆಗಿಹೋಗಿರುವುದು ಇದಕ್ಕೆ ಕಾರಣವಿರಬಹುದೆಂದು ಅವರು ಊಹಿಸಿದ್ದಾರೆ. ನಿನ್ನೆ ಅನ್ನ ಉಂಡಿರಾ ಎಂದು ಕೇಳಿದರೆ ಹೇಳುತ್ತೇವೆ. ಹೋದ ತಿಂಗಳು ಎಷ್ಟು ಸಲ ಎಂದರೆ ಏನು ಹೇಳುವುದು?

ಅಂದರೆ ಮರೆವು ಮಳೆಯಂತೆ ಎಲ್ಲರ ಹೊಲದ ಮೇಲೂ ಒಂದೇ ಸಮನೆ ಬೀಳುವುದಿಲ್ಲ. ಹಾಗೆ ಬಿದ್ದಿದ್ದರೆ ಚಿಂತೆಯಿರಲಿಲ್ಲ. ಒಂಬತ್ತಕ್ಕೆ ಒಂದು ಸೇರಿಸಿ ಲೆಕ್ಕ ಸರಿಮಾಡಬಹುದಿತ್ತು. ಯಾರ ಕಾಯಿಲೆಯನ್ನು ಮನೆಯೊಳಗೆ ಕಾಯಿಲೆಯೆಂದೇ ಎಣಿಸುವುದಿಲ್ಲವೋ ಅವರದೇ ಲೆಕ್ಕ ತಪ್ಪುವುದು.

ಅಮರ್ತ್ಯ ಸೇನರು 1985ರ ತಮ್ಮ ಪುಸ್ತಕವೊಂದರಲ್ಲಿ ಸಿಂಗೂರಿನ ಅಂಕಿಅಂಶವನ್ನು ಚರ್ಚಿಸಿದ್ದಾರೆ. ಬಂಗಾಳದ ಭೀಕರ ಕ್ಷಾಮದ ಮರುವರ್ಷ, 1944ರಲ್ಲಿ, ಕೊಲ್ಕತ್ತೆಯ ಸಮೀಪದ ಆ ಪ್ರದೇಶದಲ್ಲಿ ಆರೋಗ್ಯ ಸಮೀಕ್ಷೆ ನಡೆಯಿತು. ಹೆಂಡತಿಯನ್ನು ಕಳೆದುಕೊಂಡ ಗಂಡಸರಲ್ಲಿ ಶೇಕಡ 48.5ರಷ್ಟು ಜನ ತಮಗೆ ಕಾಯಿಲೆ ಅಥವಾ ಆರೋಗ್ಯ ಅಷ್ಟಕ್ಕಷ್ಟೆ ಎಂದರು. ವಿಧವೆಯರಲ್ಲಿ ಹಾಗೆ ಹೇಳಿದವರು ಶೇಕಡ 2.5. ಕ್ಷಾಮದಲ್ಲಿ ಗಂಡನನ್ನೂ ಗಂಜಿಯನ್ನೂ ಕಳೆದುಕೊಂಡ ಹೆಂಗಸರಿಗೆ ಅಷ್ಟು ಒಳ್ಳೆಯ ಆರೋಗ್ಯ ಎಲ್ಲಿಂದ ಬಂದೀತು! 2002ರಲ್ಲಿ ಸೇನರೇ ಬರೆದ ಇನ್ನೊಂದು ಮಾತೂ ಇದೇ ಜಾಡಿನದು. ಹೆಚ್ಚು ಕಾಲ ಬದುಕುವ ಕೇರಳದವರು ತಮಗೆ ಕಾಯಿಲೆಯಿದೆಯೆಂದು ಹೆಚ್ಚಾಗಿ ಹೇಳುತ್ತಾರೆ, ಬೇಗ ಸಾಯುವ ಬಿಹಾರದವರು ಕಡಿಮೆ ಹೇಳುತ್ತಾರೆ. ಅಕ್ಷರವಿದ್ದಲ್ಲಿ, ಆಸ್ಪತ್ರೆ ಹತ್ತಿರವಿದ್ದಲ್ಲಿ ಜನಕ್ಕೆ ಕಾಯಿಲೆಯ ಹೆಸರು ಗೊತ್ತಿರುತ್ತದೆ. ಅಂಕಿಗಳನ್ನು ಹಾಗೆಯೇ ನಂಬಿದರೆ ಆಸ್ಪತ್ರೆಗಳನ್ನು ಕೇರಳಕ್ಕೆ ಕೊಟ್ಟು ಬಿಹಾರವನ್ನು ಬಿಟ್ಟುಬಿಡಬೇಕಾಗುತ್ತದೆ.

ಇಷ್ಟೆಲ್ಲ ಓದಿ, ಸಮೀಕ್ಷೆಗಳೇ ಬೇಡ ಎನ್ನುವವನು ನಾನಲ್ಲ. ಆಸ್ಪತ್ರೆಯ ದಾಖಲೆಗಳನ್ನೇ ನೋಡಿದರಾಯಿತು ಎನ್ನುವವರಿದ್ದಾರೆ. ನಮ್ಮಲ್ಲಿ ಎಷ್ಟು ಚಿಕಿತ್ಸಾಲಯಗಳು ಚೀಟಿಯ ಪ್ರತಿ ಇಟ್ಟುಕೊಳ್ಳುತ್ತವೆ? ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದವರ ಲೆಕ್ಕವನ್ನು ಯಾವ ದಾಖಲೆ ಹೇಳೀತು? ಮನೆಗೆ ಬಂದು ಕೇಳಲೇಬೇಕು. 75ನೆಯ ಸುತ್ತಿನಲ್ಲಿ ದೇಶದ 1,13,823 ಮನೆಗಳನ್ನು ಕೇಳಿದರು. ಕಳೆದ 15 ದಿನಗಳಲ್ಲಿ ಕಾಯಿಲೆಯಿತ್ತೆಂದು ಹೇಳಿಕೊಂಡವರು ಶೇಕಡ 7.5ರಷ್ಟು ಎಂದು ವರದಿ ಬಂತು. 2011ರ ಜನಗಣತಿಯಂತೆ ದೇಶದಲ್ಲಿ ಸುಮಾರು 25 ಕೋಟಿ ಕುಟುಂಬಗಳಿದ್ದವು. ಭಾಗಿಸಿ ನೋಡಿ: ಸರಾಸರಿಯಲ್ಲಿ ನಮ್ಮದೊಂದು ಮನೆ ಎರಡು ಸಾವಿರಕ್ಕೂ ಹೆಚ್ಚು ಮನೆಗಳ ಪರವಾಗಿ ಮಾತನಾಡಿತು. ಜಗಲಿಯ ಮೇಲೆ ಕಾಫಿಗೆ ಕಾಯುತ್ತಾ ನಾನು ಎರಡು ಸಾವಿರ ಹೆಂಗಸರ ಪರವಾಗಿ 'ಇಲ್ಲ' ಎಂದಿದ್ದೆ.

ಹೆಂಡತಿಗೆ ಮಾತು ಮರಳಲು ಐದಾರು ತಿಂಗಳು ಹಿಡಿಯಿತು. ಮಾತು ಬಂದ ಮೇಲೆ ಒಂದು ದಿನ ಕೇಳಿದೆ, ಅಂದು ಆ ಹುಡುಗನ ಎದುರಿಗೆ ಏಕೆ ಸುಮ್ಮನಿದ್ದೆ ಎಂದು.

"ನೀವು ಆಗಲೇ ಇಲ್ಲ ಅಂದಿದ್ರಲ್ಲ. ನಾನು ಹೌದು ಅಂದಿದ್ರೆ ಶಿಷ್ಯನ ಮುಂದೆ ನಿಮ್ಮ ಮಾತು ಸುಳ್ಳಾಗ್ತಿತ್ತು."

"ನನಗಾದರೂ ಹೇಳಬಹುದಿತ್ತಲ್ಲ?"

"ನಿಮ್ಮ ಆಪರೇಷನ್‌ಗೆ ಮಾಡಿದ ಸಾಲ ತೀರಿರಲಿಲ್ಲ. ಅದೂ ಅಲ್ಲದೆ..." ಎಂದು ನಿಲ್ಲಿಸಿದಳು. ಪದ ಸಿಗದೆ ನಿಲ್ಲಿಸಿದಳೋ, ಬೇಡವೆಂದು ನಿಲ್ಲಿಸಿದಳೋ ತಿಳಿಯಲಿಲ್ಲ. ನಾನೂ ಕೆದಕಲಿಲ್ಲ. (ಸಾಲದ ಮಾತಿಗೆ ಒಂದು ತಿದ್ದುಪಡಿ. ನಮೂನೆಯಲ್ಲಿ ನಾನು ಖರ್ಚೆಲ್ಲ ಸ್ವಂತ ಉಳಿತಾಯದಿಂದ ಎಂದು ಬರೆಸಿದ್ದೆ. ಭಾಮೈದನಿಂದ ಇಪ್ಪತ್ತು ಸಾವಿರ ಪಡೆದದ್ದನ್ನು ಶಿಷ್ಯನೆದುರು ಹೇಳಲು ನಾಲಗೆ ಬರಲಿಲ್ಲ. ಇದನ್ನು ಸೇರಿಸಿದ್ದು ಹೆಂಡತಿಯ ಒತ್ತಾಯದಿಂದ.)

ಆ ಹುಡುಗನಿಗೂ ಫೋನು ಮಾಡಿ ಹೇಳಿದೆ, ನಾನು ಬರೆಸಿದ್ದು ತಪ್ಪಾಗಿತ್ತು, ತಿದ್ದಲು ಸಾಧ್ಯವೇ ಎಂದು. "ವರದಿ ಬಂದಾಯ್ತಲ್ಲ ಸಾರ್" ಎಂದ. ತುಸು ತಡೆದು, "ಅವತ್ತು ಅಮ್ಮಾವ್ರ ಮುಖ ನೋಡಿ ಏನೋ ಇದೆ ಅನ್ನಿಸಿತ್ತು ಸಾರ್. ನಿಮ್ಮನ್ನ ಮೀರಿ ಹೇಗೆ ಕೇಳೋದು ಅಂತ ಸುಮ್ಮನಾದೆ" ಎಂದ. ಆತನ ತಪ್ಪಿಲ್ಲ.

ಕಳೆದ ವಾರ ನಮ್ಮ ಬೀದಿಗೆ ಆಶಾ ಕಾರ್ಯಕರ್ತೆ ಬಂದಿದ್ದಳು. ಮೂವತ್ತು ದಾಟಿದವರ ಬಿಪಿ, ಸಕ್ಕರೆ ಕಾಯಿಲೆಯ ವಿವರ ಬರೆದುಕೊಳ್ಳಲು. ಜಗಲಿಯ ಮೇಲೆ ಕೂತಿದ್ದವನು ನಾನೇ. ಆಕೆ ಪುಸ್ತಕ ತೆರೆದು, "ಮನೇಲಿ ಯಾರ್‍ಯಾರಿಗೆ ಏನೇನಿದೆ ಮೇಷ್ಟ್ರೇ?" ಎಂದಳು. ನನ್ನದನ್ನಷ್ಟೇ ಹೇಳಿ, ಕುರ್ಚಿಯಿಂದ ಎದ್ದು ಹೆಂಡತಿಯನ್ನು ಕೂಗಿದೆ. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಕುರ್ಚಿಯಲ್ಲಿ ಕೂತಳು. ಈಗಲೂ ಆಕೆಯ ಮಾತು ನಿಧಾನ. ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ಬಿಡುವು ಬೀಳುತ್ತದೆ. ಆ ಬಿಡುವಿನಲ್ಲಿ ಪದ ತುಂಬಿಸಿಬಿಡುವ ನನ್ನ ಚಾಳಿ ಇನ್ನೂ ಪೂರ್ತಿ ಹೋಗಿಲ್ಲ.

"ಮೊದಲು ತಲೆ ಸುತ್ತಿದ್ದು ಯಾವಾಗ ಅಂದ್ರೆ..." ಎಂದು ಶುರು ಮಾಡಿದಳು. ಒಳಗೆ ಒಲೆಯ ಮೇಲೆ ಹಾಲಿಟ್ಟಿತ್ತು. ಅದನ್ನು ನೋಡಿಕೊಳ್ಳಲು ನಾನು ಒಳಗೆ ಹೋದೆ.